ಡ್ರೈವರ್ ಕರ್ನಲ್ ಒಳಗೋ, ಹೊರಗೋ? ವೇಗದ ಲೆಕ್ಕ ಹಾಕಿ ಆರಿಸುವ ಬಗೆ

ಹೊಸ ಹಾರ್ಡ್‌ವೇರ್‌ಗೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಬರೆಯಲು ಕೂತವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಕೋಡನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಇಡಬೇಕೋ, ಸಾಮಾನ್ಯ ಪ್ರೋಗ್ರಾಂ ಹಾಗೆ ಅದರ ಹೊರಗೆ, ಯೂಸರ್ ಮೋಡ್‌ನಲ್ಲಿ ಓಡಿಸಬೇಕೋ? ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ವೇಗ ಬೇಕಿದ್ದರೆ ಕರ್ನಲ್ ಬಿಟ್ಟು ಬೇರೆ ದಾರಿಯಿಲ್ಲ ಎನ್ನುವವರು ಒಂದು ಕಡೆ. ಅತಿ ವೇಗದ ನೆಟ್‌ವರ್ಕ್ ಕೆಲಸವೆಲ್ಲ ಈಗ ಕರ್ನಲ್‌ನ ಹೊರಗೇ ನಡೆಯುತ್ತಿದೆಯಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜ. ಅವರ ಮುಂದಿರುವ ಸಾಧನಗಳು ಬೇರೆ, ಅಷ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೇಗವನ್ನು ತೀರ್ಮಾನಿಸುವುದು ಮೋಡ್ ಅಲ್ಲ. ಒಂದು ಕೆಲಸ ಮುಗಿಯುವಷ್ಟರಲ್ಲಿ ಎಷ್ಟು ಸಲ ಕರ್ನಲ್ ಮತ್ತು ಯೂಸರ್ ಮೋಡ್ ನಡುವಿನ ಗಡಿ ದಾಟುತ್ತೀರಿ, ಎಷ್ಟು ಸಲ ಮಲಗಿದ ಥ್ರೆಡ್ಡನ್ನು (ಪ್ರೋಗ್ರಾಂನ ಓಟದ ಒಂದು ಎಳೆ) ಎಬ್ಬಿಸುತ್ತೀರಿ, ಎಷ್ಟು ಸಲ ಡೇಟಾ ನಕಲಾಗುತ್ತದೆ ಎಂಬುದು ತೀರ್ಮಾನಿಸುತ್ತದೆ. ಈ ಮೂರನ್ನು ಎಣಿಸಲು ಬಂದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೊದಲು ಅಳತೆಗೋಲು

ಆಯ್ಕೆಗಳನ್ನು ನೋಡುವ ಮುಂಚೆ ನಿಮ್ಮ ಸಾಧನದ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಸೆಕೆಂಡಿಗೆ ಎಷ್ಟು ಘಟನೆಗಳು, ಒಂದೊಂದಕ್ಕೂ ಎಷ್ಟು ಸಮಯ ಸಿಗುತ್ತದೆ? ಇಂದಿನ ಪ್ರೊಸೆಸರ್‌ನಲ್ಲಿ ಸುಮ್ನೆ ಕರ್ನಲ್‌ಗೆ ಹೋಗಿ ಬರುವ ಸಿಸ್ಟಂ ಕಾಲ್‌ಗೆ ಸುಮಾರು 100 ನ್ಯಾನೋಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಭದ್ರತಾ ದೋಷಕ್ಕೆ ಹಾಕಿದ ತಡೆ ಚಾಲೂ ಇರುವ ಹಳೆಯ ಪ್ರೊಸೆಸರ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಮಲಗಿದ ಥ್ರೆಡ್ಡನ್ನು ಎಬ್ಬಿಸಿ ಓಡಿಸಲು ಹಲವು ಮೈಕ್ರೋಸೆಕೆಂಡ್ ಬೇಕು. ಅಂದರೆ ಎಬ್ಬಿಸುವ ಖರ್ಚು, ಗಡಿ ದಾಟುವ ಖರ್ಚಿಗಿಂತ ಎಷ್ಟೋ ಪಟ್ಟು ದೊಡ್ಡದು. ಇದನ್ನು ಜನ ಮರೆಯುತ್ತಾರೆ.

ಈಗ ಈ ಖರ್ಚನ್ನು ಸಾಧನದ ಪಕ್ಕ ಇಟ್ಟು ನೋಡಿ. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್‌ನಲ್ಲಿ ತಟ್ಟೆ ಅರ್ಧ ಸುತ್ತು ತಿರುಗಲು 4 ಮಿಲಿಸೆಕೆಂಡ್‌ಗಿಂತ ಹೆಚ್ಚು ಬೇಕು. ಅಲ್ಲಿ 5 ಮೈಕ್ರೋಸೆಕೆಂಡ್ ಹೆಚ್ಚುವರಿ ಖರ್ಚು ಎಂದರೆ ಸಾವಿರಕ್ಕೆ ಸುಮಾರು ಒಂದು ಪಾಲು. ಯಾರಿಗೂ ಗೊತ್ತಾಗುವುದಿಲ್ಲ. ಫ್ಲ್ಯಾಶ್ ಮೆಮೊರಿಯ ಎನ್‌ವಿಎಂಇ ಡಿಸ್ಕ್‌ನಲ್ಲಿ ಒಂದು ಓದಿಗೆ ಸುಮಾರು 80 ಮೈಕ್ರೋಸೆಕೆಂಡ್ ಹಿಡಿದರೆ ಅದೇ 5 ಮೈಕ್ರೋಸೆಕೆಂಡ್ ಶೇ 6ರಷ್ಟಾಗುತ್ತದೆ. 10 ಗಿಗಾಬಿಟ್ ಈಥರ್‌ನೆಟ್‌ನಲ್ಲಿ 64 ಬೈಟ್‌ನ ಚಿಕ್ಕ ಪ್ಯಾಕೆಟ್‌ಗಳು ತುಂಬಿ ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ. ಒಂದು ಪ್ಯಾಕೆಟ್‌ಗೆ ಸಿಗುವುದು ಬರೀ 67.2 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಅದು ಸುಮಾರು 200 ಸೈಕಲ್. ಒಂದು ಸಿಸ್ಟಂ ಕಾಲ್ ಸಾಕು, ಆ ಬಜೆಟ್ ಮುಗಿಯಿತು. ಕ್ಯಾಶ್‌ನಲ್ಲಿ ಸಿಗದೆ ಒಮ್ಮೆ ಮುಖ್ಯ ಮೆಮೊರಿಗೆ ಹೋದರೂ ಹೆಚ್ಚುಕಡಿಮೆ ಮುಗಿಯಿತು.

ಎರಡನೆಯ ಪ್ರಶ್ನೆ: ಸರಾಸರಿ ಮುಖ್ಯವೋ, ಅತಿ ಕೆಟ್ಟ ಗಳಿಗೆ ಮುಖ್ಯವೋ? 115200 ಬಾಡ್ ಸೀರಿಯಲ್ ಪೋರ್ಟ್ ನಿಧಾನದ್ದು ಅಂತ ಎಲ್ಲರಿಗೂ ಗೊತ್ತು. ಸೆಕೆಂಡಿಗೆ 11,520 ಬೈಟ್ ಅಷ್ಟೇ. ಆದರೆ ಹಳೆಯ 16550 ಚಿಪ್‌ನ ಬಫರ್ 16 ಬೈಟ್‌ನದ್ದು. 14 ಬೈಟ್ ತುಂಬಿದಾಗ ಇಂಟರಪ್ಟ್ (ಇತ್ತ ನೋಡು ಎಂದು ಸಾಧನ ಪ್ರೊಸೆಸರ್‌ಗೆ ಕೊಡುವ ಸಂಕೇತ) ಬರುವಂತೆ ಇಟ್ಟರೆ, ಅದು ಪೂರ್ತಿ ತುಂಬಲು ಉಳಿಯುವುದು ಸುಮಾರು 170 ಮೈಕ್ರೋಸೆಕೆಂಡ್. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿದ್ದಾಗ ಸಾಮಾನ್ಯ ಯೂಸರ್ ಪ್ರೋಗ್ರಾಂಗೆ ಅಷ್ಟರೊಳಗೆ ಸರದಿ ಸಿಗುತ್ತದೆ ಎಂಬ ಭರವಸೆ ಇಲ್ಲ. ನಿಧಾನದ ಸಾಧನವೂ ಹೀಗೆ ಕೈ ಕೊಡಬಹುದು.

ಮೂರನೆಯದು, ಸಾಧನವನ್ನು ಎಷ್ಟು ಪ್ರೋಗ್ರಾಂಗಳು ಹಂಚಿಕೊಳ್ಳುತ್ತವೆ ಎಂಬುದು. ನಾಲ್ಕನೆಯದು, ಡ್ರೈವರ್ ಕುಸಿದರೆ ಆಗುವ ನಷ್ಟ. ಜೊತೆಗೆ ಎರಡು ಬಜೆಟ್‌ಗಳು: ಒಂದು ಪ್ರೊಸೆಸರ್ ಮತ್ತು ವಿದ್ಯುತ್ತಿನದು, ಇನ್ನೊಂದು ಜನ ಮತ್ತು ಸಮಯದ್ದು.

ಪೂರ್ತಿ ಕರ್ನಲ್ ಒಳಗೆ

ಇದು ಹಳೆಯ ದಾರಿ, ಈಗಲೂ ಹೆಚ್ಚಿನ ಡ್ರೈವರ್‌ಗಳು ಇಲ್ಲೇ ಇವೆ. ಇಂಟರಪ್ಟ್ ಬಂದ ತಕ್ಷಣ ನಿಮ್ಮ ಕೋಡ್ ಓಡುತ್ತದೆ, ಯಾವ ಥ್ರೆಡ್ಡನ್ನೂ ಎಬ್ಬಿಸಬೇಕಿಲ್ಲ. ಮೇಲಿನ ಸೀರಿಯಲ್ ಪೋರ್ಟ್‌ನಂಥ ಸಂದರ್ಭದಲ್ಲಿ ಇದಕ್ಕೆ ಸಾಟಿ ಇಲ್ಲ. ಹಲವು ಪ್ರೋಗ್ರಾಂಗಳ ನಡುವೆ ಹಂಚುವುದು, ಯಾರಿಗೆ ಅನುಮತಿ ಇದೆ ಎಂದು ನೋಡುವುದು, ವಿದ್ಯುತ್ ಉಳಿಸಲು ಸಾಧನವನ್ನು ಮಲಗಿಸುವುದು, ಎಲ್ಲದಕ್ಕೂ ಕರ್ನಲ್‌ನಲ್ಲಿ ಸಿದ್ಧ ವ್ಯವಸ್ಥೆ ಇದೆ. ಕಡತ ವ್ಯವಸ್ಥೆ, ನೆಟ್‌ವರ್ಕ್ ಪದರಗಳು ಪಕ್ಕದಲ್ಲೇ ಇರುತ್ತವೆ.

ಪೋಲಿಂಗ್, ಅಂದರೆ ಇಂಟರಪ್ಟ್ ಕಾಯದೆ ತಾನೇ ಹೋಗಿ ನೋಡುವುದು, ಕರ್ನಲ್ ಒಳಗೂ ಇದೆ ಎಂಬುದನ್ನು ಗಮನಿಸಿ. ಲಿನಕ್ಸ್‌ನ ನಾಪಿ ವ್ಯವಸ್ಥೆ ಮೊದಲ ಇಂಟರಪ್ಟ್ ಬಂದ ಮೇಲೆ ಮುಂದಿನವನ್ನು ತಡೆದು, ಒಂದು ಸುತ್ತಿಗೆ ಸಾಮಾನ್ಯವಾಗಿ 64 ಪ್ಯಾಕೆಟ್‌ಗಳವರೆಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಕರ್ನಲ್ ನೆಟ್‌ವರ್ಕ್ ನಿಧಾನವಾಗುವುದು ಪ್ಯಾಕೆಟ್‌ಗೊಂದು ಇಂಟರಪ್ಟ್ ಬರುವುದರಿಂದಲ್ಲ. ಪ್ರತಿ ಪ್ಯಾಕೆಟ್‌ಗೂ ಮೆಮೊರಿ ಕೊಡುವುದು, ಪದರ ಪದರ ದಾಟಿಸುವುದು, ಕೊನೆಗೆ ಪ್ರೋಗ್ರಾಂಗೆ ನಕಲು ಮಾಡಿಕೊಟ್ಟು ಅದನ್ನು ಎಬ್ಬಿಸುವುದು, ಈ ಕೆಲಸಗಳು ಸೇರಿ ಸಮಯ ತಿನ್ನುತ್ತವೆ. ಇದಕ್ಕೆ ಒಳ್ಳೆಯ ಪುರಾವೆ 2016ರಲ್ಲಿ ಲಿನಕ್ಸ್ 4.8ಕ್ಕೆ ಬಂದ ಎಕ್ಸ್‌ಡಿಪಿ. ಅದು ಕರ್ನಲ್ ಒಳಗೇ ಇದೆ. ಆದರೆ ಆ ಪದರಗಳು ಶುರುವಾಗುವ ಮುಂಚೆ, ಡ್ರೈವರ್ ಹಂತದಲ್ಲೇ ಪ್ಯಾಕೆಟ್ಟನ್ನು ನೋಡಿ ಬಿಸಾಡುತ್ತದೆ ಇಲ್ಲವೇ ತಿರುಗಿಸುತ್ತದೆ. ಹೀಗೆ ಬಿಸಾಡುವ ಕೆಲಸದಲ್ಲಿ ಒಂದೇ ಕೋರ್ ಸೆಕೆಂಡಿಗೆ ಕೋಟಿಗೂ ಹೆಚ್ಚು ಪ್ಯಾಕೆಟ್ ನಿಭಾಯಿಸಬಲ್ಲದು. ಮೋಡ್ ಬದಲಾಗಲಿಲ್ಲ, ಕೆಲಸ ಕಡಿಮೆಯಾಯಿತು, ವೇಗ ಬಂತು.

ಬೆಲೆ ಏನು? ಒಂದು ತಪ್ಪು ಪಾಯಿಂಟರ್ (ಮೆಮೊರಿ ವಿಳಾಸ) ಇಡೀ ಯಂತ್ರವನ್ನು ಬೀಳಿಸುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟ್‌ನಿಂದ, ಅದರ ಕರ್ನಲ್ ಡ್ರೈವರ್ ಮೆಮೊರಿಯ ಮಿತಿ ದಾಟಿ ಓದಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅದೇ ತಪ್ಪು ಯೂಸರ್ ಮೋಡ್‌ನಲ್ಲಿ ಆಗಿದ್ದರೆ ಒಂದು ಪ್ರೋಗ್ರಾಂ ಸಾಯುತ್ತಿತ್ತು, ಯಂತ್ರ ಉಳಿಯುತ್ತಿತ್ತು.

ಜನರ ಬಜೆಟ್ಟೂ ಇಲ್ಲಿ ಹೆಚ್ಚು. 64 ಬಿಟ್ ಲಿನಕ್ಸ್‌ನ ಕರ್ನಲ್ ಸ್ಟ್ಯಾಕ್ (ಓಡುವ ಕೋಡ್ ಬಳಸುವ ತಾತ್ಕಾಲಿಕ ಮೆಮೊರಿ) ಸಾಮಾನ್ಯವಾಗಿ 16 ಕಿಲೋಬೈಟ್ ಅಷ್ಟೇ. ಕೋಡ್ ಎಲ್ಲಿ ಕಾಯುತ್ತಾ ಮಲಗಬಹುದು, ಎಲ್ಲಿ ಮಲಗಬಾರದು ಎಂಬ ನಿಯಮ ಬೇರೆ. ದೋಷ ಹುಡುಕಲು ಎರಡನೆಯ ಯಂತ್ರವೋ ವರ್ಚುಯಲ್ ಮಷೀನೋ ಬೇಕು. ಲಿನಕ್ಸ್ ತನ್ನ ಒಳಗಿನ ಇಂಟರ್‌ಫೇಸ್‌ಗಳನ್ನು ಯಾವಾಗ ಬೇಕಾದರೂ ಬದಲಿಸುತ್ತದೆ. ಡ್ರೈವರನ್ನು ಮುಖ್ಯ ಕರ್ನಲ್‌ಗೆ ಸೇರಿಸಿದರೆ ಆ ಬದಲಾವಣೆಯ ಹೊರೆಯಲ್ಲಿ ದೊಡ್ಡ ಪಾಲನ್ನು ಸಮುದಾಯ ಹೊರುತ್ತದೆ. ಸೇರಿಸದೆ ಹೊರಗೆ ಇಟ್ಟುಕೊಂಡರೆ ಪ್ರತಿ ಹೊಸ ಆವೃತ್ತಿಗೂ ನೀವೇ ತಿದ್ದುತ್ತಾ ಕೂರಬೇಕು. ಸಣ್ಣ ತಂಡಕ್ಕೆ ಇದು ವರ್ಷಗಟ್ಟಲೆ ಕಾಡುವ ಖರ್ಚು. ಯೋಜನೆ ಬರೆಯುವಾಗ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯೂಸರ್ ಮೋಡ್, ಇಂಟರಪ್ಟ್ ಕಾಯುತ್ತಾ

ಇಲ್ಲಿ ಡ್ರೈವರ್ ಒಂದು ಸಾಮಾನ್ಯ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಇದಕ್ಕೆ 2007ರಿಂದ ಯುಐಒ, 2012ರಿಂದ ವಿಎಫ್‌ಐಒ ಎಂಬ ಸೌಲಭ್ಯಗಳಿವೆ. ಯುಎಸ್‌ಬಿ ಸಾಧನಗಳಿಗೆ ಲಿಬ್‌ಯುಎಸ್‌ಬಿ ಇದೆ. ವಿಂಡೋಸ್‌ನಲ್ಲಿ ಯುಎಂಡಿಎಫ್. ಆಪಲ್ 2019ರ ಮ್ಯಾಕ್‌ಒಎಸ್ ಕ್ಯಾಟಲೀನಾದಿಂದ ಡ್ರೈವರ್‌ಕಿಟ್ ಕೊಟ್ಟು, ಕರ್ನಲ್ ಎಕ್ಸ್‌ಟೆನ್ಷನ್ ಬಿಡಿ ಎಂದು ಡೆವಲಪರ್‌ಗಳಿಗೆ ಹೇಳುತ್ತಲೇ ಬಂದಿದೆ. ಕ್ಯೂಎನ್‌ಎಕ್ಸ್, ಮಿನಿಕ್ಸ್ 3, ಫ್ಯೂಶಿಯಾದಂಥ ಮೈಕ್ರೋಕರ್ನಲ್ (ತೀರಾ ಸಣ್ಣ ಕರ್ನಲ್) ವ್ಯವಸ್ಥೆಗಳಲ್ಲಂತೂ ಡ್ರೈವರ್ ಹೊರಗಿರುವುದೇ ವಾಡಿಕೆ. ಮಿನಿಕ್ಸ್ 3ರಲ್ಲಿ ಸತ್ತ ಡ್ರೈವರನ್ನು ಮತ್ತೆ ಎಬ್ಬಿಸಲು ಪ್ರತ್ಯೇಕ ಸರ್ವರ್ ಕೂಡ ಇದೆ.

ಸುಖ ಏನೆಂದರೆ ಡಿಬಗರ್, ಮೆಮೊರಿ ಪರೀಕ್ಷಕ, ಪ್ರೊಫೈಲರ್, ಎಲ್ಲ ಎಂದಿನಂತೆ ಕೆಲಸ ಮಾಡುತ್ತವೆ. ಸಿ ಭಾಷೆಯೇ ಆಗಬೇಕೆಂದಿಲ್ಲ. ಕುಸಿದರೆ ಮತ್ತೆ ಓಡಿಸಿದರಾಯಿತು. ಆದರೆ ವೇಗದ ದೃಷ್ಟಿಯಲ್ಲಿ ಈ ದಾರಿಯೇ ಎಲ್ಲಕ್ಕಿಂತ ಹಿಂದೆ. ಪ್ರತಿ ಇಂಟರಪ್ಟ್‌ಗೂ ಕರ್ನಲ್ ಮೊದಲು ಎದ್ದು, ಆಮೇಲೆ ನಿಮ್ಮ ಥ್ರೆಡ್ಡನ್ನು ಎಬ್ಬಿಸಬೇಕು. ಬೇರೆ ಪ್ರೋಗ್ರಾಂ ನಿಮ್ಮ ಡ್ರೈವರನ್ನು ಬಳಸಬೇಕಿದ್ದರೆ ಅದಕ್ಕೂ ಎರಡು ಪ್ರೊಸೆಸ್‌ಗಳ ನಡುವೆ ಓಡಾಟ. ವಿಂಡೋಸ್‌ನ ಯುಎಂಡಿಎಫ್‌ನಲ್ಲಿ ಕೋರಿಕೆ ಮೊದಲು ಕರ್ನಲ್‌ಗೆ ಹೋಗಿ, ಅಲ್ಲಿಂದ ರಿಫ್ಲೆಕ್ಟರ್ ಎಂಬ ಭಾಗದ ಮೂಲಕ ಇನ್ನೊಂದು ಪ್ರೊಸೆಸ್‌ಗೆ ಬರುತ್ತದೆ. ಯೂಸರ್ ಮೋಡ್ ನಿಧಾನ ಎಂಬ ಮಾತು ಹುಟ್ಟಿದ್ದು ಇಂಥ ದಾರಿಗಳನ್ನು ನೋಡಿಯೇ.

ಇದನ್ನು ತಗ್ಗಿಸುವ ಉಪಾಯ ಹಳೆಯದು: ಒಟ್ಟಿಗೆ ಸಾಗಿಸಿ. ಹೊಳೆ ದಾಟಿಸುವ ದೋಣಿಯಲ್ಲಿ ಒಬ್ಬರಿದ್ದರೂ ಇಪ್ಪತ್ತು ಜನರಿದ್ದರೂ ಹೋಗಿ ಬರುವುದು ಒಂದೇ ಸಲ ಅಲ್ವಾ? ನಿಮ್ಮದೇ ಪಿಸಿಐ ಕಾರ್ಡ್ ಇದ್ದು, ಅದು ಮೆಮೊರಿಯ ದೊಡ್ಡ ರಿಂಗ್ ಬಫರ್‌ಗೆ ನೇರವಾಗಿ ಡೇಟಾ ತುಂಬಿ, ಒಂದು ಮೆಗಾಬೈಟ್‌ಗೆ ಒಮ್ಮೆ ಮಾತ್ರ ಇಂಟರಪ್ಟ್ ಕಳಿಸಿದರೆ, ಸೆಕೆಂಡಿಗೆ ಒಂದು ಗಿಗಾಬೈಟ್ ಬಂದರೂ ಎಬ್ಬಿಸುವುದು ಸುಮಾರು ಸಾವಿರ ಸಲ. ಅದು ಏನೇನೂ ಅಲ್ಲ. ಅಳತೆ ಉಪಕರಣ, ಕ್ಯಾಮೆರಾ, ಎಫ್‌ಪಿಜಿಎ (ಬೇಕಾದಂತೆ ಸರ್ಕಿಟ್ ರೂಪಿಸಿಕೊಳ್ಳುವ ಚಿಪ್) ಬೋರ್ಡ್ ಇಟ್ಟುಕೊಂಡವರಿಗೆ ನಾನು ಧೈರ್ಯವಾಗಿ ಹೇಳುವ ದಾರಿ ಇದೇ. ಮೊದಲ ಡೇಟಾ ಕೈಗೆ ಬರುವುದು ಸ್ವಲ್ಪ ತಡ, ಒಟ್ಟು ಹರಿವು ಪೂರ್ತಿ ವೇಗದಲ್ಲಿ.

ಒಂದು ಎಚ್ಚರಿಕೆ. ಯೂಸರ್ ಮೋಡ್ ಎಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಸಾಧನ ಡಿಎಂಎ ಮೂಲಕ, ಅಂದರೆ ಪ್ರೊಸೆಸರನ್ನು ದಾಟಿಸದೆ, ಮೆಮೊರಿಗೆ ನೇರ ಬರೆಯುತ್ತದೆ. ಐಒಎಂಎಂಯು (ಸಾಧನ ಮುಟ್ಟಬಹುದಾದ ಮೆಮೊರಿಯನ್ನು ಕಾಯುವ ಹಾರ್ಡ್‌ವೇರ್) ಇಲ್ಲದೆ ಯುಐಒ ಮೂಲಕ ಡಿಎಂಎ ಬಳಸಿದರೆ, ನಿಮ್ಮ ಪ್ರೋಗ್ರಾಂ ತಪ್ಪು ವಿಳಾಸ ಕೊಟ್ಟಾಗ ಸಾಧನ ಕರ್ನಲ್‌ನ ಮೆಮೊರಿಯನ್ನೇ ಕೆಡಿಸಬಹುದು. ವಿಎಫ್‌ಐಒ ಕಟ್ಟಿರುವುದೇ ಐಒಎಂಎಂಯು ನಂಬಿ. ಅದು ಸಾಧನಕ್ಕೆ ಕಾಣುವ ಮೆಮೊರಿಗೆ ಬೇಲಿ ಹಾಕುತ್ತದೆ. ಹೊಸದಾಗಿ ಶುರು ಮಾಡುವವರು ಯುಐಒ ಬದಲು ವಿಎಫ್‌ಐಒವನ್ನೇ ಆರಿಸಿ.

ಯೂಸರ್ ಮೋಡ್, ನಿಲ್ಲದ ಪೋಲಿಂಗ್

ಎಬ್ಬಿಸುವುದೇ ದುಬಾರಿ ಎಂದಾದರೆ ಮಲಗುವುದನ್ನೇ ಬಿಟ್ಟರೆ? ಡಿಪಿಡಿಕೆ ಎಂಬ ನೆಟ್‌ವರ್ಕ್ ಲೈಬ್ರರಿ ಮಾಡುವುದು ಅದನ್ನೇ. ಒಂದು ಕೋರ್ ಪೂರ್ತಿ ಸಾಧನಕ್ಕೆ ಮೀಸಲು. ಅದು ಸಾಧನದ ಕ್ಯೂಗಳನ್ನು ತನ್ನ ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಎಡೆಬಿಡದೆ ನೋಡುತ್ತಿರುತ್ತದೆ. ಇಂಟರಪ್ಟ್ ಇಲ್ಲ, ಸಿಸ್ಟಂ ಕಾಲ್ ಇಲ್ಲ, ನಕಲೂ ಇಲ್ಲ. 2 ಮೆಗಾಬೈಟ್ ಅಥವಾ 1 ಗಿಗಾಬೈಟ್‌ನ ದೊಡ್ಡ ಪುಟಗಳನ್ನು ಬಳಸಿ ವಿಳಾಸ ಹುಡುಕುವ ಖರ್ಚನ್ನೂ ಇಳಿಸುತ್ತದೆ. ಡಿಸ್ಕ್‌ಗಳಿಗೆ ಇದೇ ಕೆಲಸವನ್ನು ಎಸ್‌ಪಿಡಿಕೆ ಮಾಡುತ್ತದೆ. ಎರಡೂ ಇಂಟೆಲ್‌ನಲ್ಲಿ ಹುಟ್ಟಿದವು. 67 ನ್ಯಾನೋಸೆಕೆಂಡ್ ಬಜೆಟ್‌ಗೆ ಸರಿಹೊಂದುವ ದಾರಿ ಇದು. ಶುರುವಿನ ಸಿದ್ಧತೆ ಮುಗಿದ ಮೇಲೆ ಗಡಿ ದಾಟುವುದು ಸೊನ್ನೆ ಸಲ.

ಕೊಡಬೇಕಾದ್ದೂ ಅಷ್ಟೇ ಇದೆ. ಆ ಕೋರ್ ಪ್ಯಾಕೆಟ್ ಬರಲಿ ಬಿಡಲಿ ಶೇ 100 ಓಡುತ್ತಿರುತ್ತದೆ. ನಾಲ್ಕೇ ಕೋರ್ ಇರುವ ಯಂತ್ರದಲ್ಲಿ ಕಾಲು ಭಾಗ ಹೋಯಿತು. ಬ್ಯಾಟರಿ ಮೇಲೆ ಓಡುವ ಸಾಧನಕ್ಕಂತೂ ಇದು ಆಗದ ಮಾತು. ಹಗಲು ಪೂರ್ತಿ ಭಾರ ಇದ್ದು ರಾತ್ರಿ ಖಾಲಿ ಇರುವ ಸರ್ವರ್‌ನಲ್ಲಿ ರಾತ್ರಿಯ ವಿದ್ಯುತ್ತೆಲ್ಲ ಸುಮ್ನೆ ಉರಿದು ಹೋಗುತ್ತದೆ. ಇಂಟರಪ್ಟ್‌ಗೆ ಹೊರಳುವ ಸೌಲಭ್ಯ ಡಿಪಿಡಿಕೆಯಲ್ಲೂ ಇದೆ, ಆದರೆ ಹೊರಳಿದ ಗಳಿಗೆಯಲ್ಲಿ ಎಬ್ಬಿಸುವ ಖರ್ಚು ವಾಪಸ್ ಬರುತ್ತದೆ.

ಇನ್ನೊಂದು ನಷ್ಟ ಮೊದಲು ಕಾಣುವುದಿಲ್ಲ. ಸಾಧನ ಕರ್ನಲ್ ಕೈಯಿಂದ ಹೋಯಿತು ಎಂದರೆ ಅದರ ಸುತ್ತಲಿನ ಎಲ್ಲವೂ ಹೋಯಿತು. ಟಿಸಿಪಿ ಪದರ ನೀವೇ ತರಬೇಕು. ಪ್ಯಾಕೆಟ್‌ಗಳನ್ನು ಇಣುಕಿ ನೋಡುವ ಟಿಸಿಪಿಡಂಪ್, ಫೈರ್‌ವಾಲ್ ನಿಯಮಗಳು ಆ ಕಾರ್ಡಿಗೆ ಅನ್ವಯಿಸುವುದಿಲ್ಲ. ಎಸ್‌ಪಿಡಿಕೆಗೆ ಡಿಸ್ಕ್ ಕೊಟ್ಟರೆ ಅದರ ಮೇಲೆ ಎಂದಿನ ಕಡತ ವ್ಯವಸ್ಥೆ, ಪುಟದ ಕ್ಯಾಶ್ ಇಲ್ಲ. ಹಾಗಾಗಿ ಡೇಟಾಬೇಸನ್ನೇ ಆ ರೀತಿ ಬರೆದವರಿಗೆ ಲಾಭ. ಎಂದಿನ ಪ್ರೋಗ್ರಾಂ ಓಡಿಸುವವರಿಗೆ ನಷ್ಟವೇ ಜಾಸ್ತಿ. ರೂಟರ್, ಲೋಡ್ ಬ್ಯಾಲೆನ್ಸರ್, ಸ್ಟೋರೇಜ್ ಸರ್ವರ್, ಮೊಬೈಲ್ ಜಾಲದ ಉಪಕರಣ, ಹೀಗೆ ಒಂದೇ ಕೆಲಸಕ್ಕೆ ಮೀಸಲಾದ ಯಂತ್ರ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಕಾರ್ಡ್ ತನ್ನನ್ನು ಹಲವು ವರ್ಚುಯಲ್ ಪಾಲಾಗಿ ತೋರಿಸುವ ಎಸ್‌ಆರ್-ಐಒವಿ ಬಲ್ಲದಾದರೆ ಒಂದು ಮಧ್ಯದ ಹಾದಿ ಉಂಟು. ಕಾರ್ಡಿನ ಒಂದು ವರ್ಚುಯಲ್ ಪಾಲನ್ನು ಪೋಲಿಂಗ್ ಪ್ರೋಗ್ರಾಂಗೆ ಕೊಟ್ಟು, ಉಳಿದದ್ದನ್ನು ಕರ್ನಲ್‌ನಲ್ಲೇ ಬಿಡಬಹುದು. ಎರಡು ಕಾರ್ಡ್ ಕೊಳ್ಳುವ ಬಜೆಟ್ ಇಲ್ಲದವರು ಇದನ್ನು ಮೊದಲು ನೋಡಿ.

ಎರಡು ಭಾಗ ಮಾಡುವುದು

ಗ್ರಾಫಿಕ್ಸ್ ಡ್ರೈವರ್‌ಗಳ ಕಥೆ ಇಲ್ಲಿ ತುಂಬ ಕಲಿಸುತ್ತದೆ. ವಿಂಡೋಸ್ ಎನ್‌ಟಿ 3.51ರಲ್ಲಿ ಗ್ರಾಫಿಕ್ಸ್ ವ್ಯವಸ್ಥೆ ಯೂಸರ್ ಮೋಡ್‌ನಲ್ಲಿತ್ತು. ಚಿತ್ರ ಬಿಡಿಸಲು ಇನ್ನೊಂದು ಪ್ರೊಸೆಸ್‌ಗೆ ಓಡಬೇಕಿತ್ತು, ಅದು ನಿಧಾನ. 1996ರ ಎನ್‌ಟಿ 4.0ರಲ್ಲಿ ಅದನ್ನು ಕರ್ನಲ್ ಒಳಗೆ ತಂದರು. ವೇಗ ಬಂತು, ಜೊತೆಗೆ ಗ್ರಾಫಿಕ್ಸ್ ಡ್ರೈವರ್ ತಪ್ಪಿದರೆ ಇಡೀ ಯಂತ್ರ ಬೀಳುವ ಅಪಾಯವೂ ಬಂತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಡ್ರೈವರಿನ ದೊಡ್ಡ ಭಾಗ ಮತ್ತೆ ಹೊರಗೆ ಹೋಯಿತು. ಈ ಸಲ ಅದು ಹಿಂದಿನಷ್ಟು ನಿಧಾನ ಆಗಲಿಲ್ಲ. ಏಕೆ? ಹೊರಗಿನ ಭಾಗ ಬೇರೆ ಪ್ರೊಸೆಸ್‌ನಲ್ಲಿ ಅಲ್ಲ, ಪ್ರೋಗ್ರಾಂನ ಪ್ರೊಸೆಸ್‌ನಲ್ಲೇ ಓಡುತ್ತದೆ. ಆಜ್ಞೆಗಳನ್ನು ಅಲ್ಲೇ ಕೂಡಿಸಿಟ್ಟು, ಕಂತೆ ಕಟ್ಟಿ, ಒಮ್ಮೆ ಮಾತ್ರ ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್‌ನ ಸಣ್ಣ ಭಾಗ ಮೆಮೊರಿ ಹಂಚುತ್ತದೆ, ಸರದಿ ನೋಡುತ್ತದೆ. ಕಾರ್ಡ್ ಎರಡು ಸೆಕೆಂಡ್ ಉತ್ತರಿಸದಿದ್ದರೆ ಅದನ್ನು ಮರುಹೊಂದಿಸುತ್ತದೆ. ಲಿನಕ್ಸ್‌ನಲ್ಲೂ ಮೆಸಾ ಎಂಬ ಭಾಗ ಹೊರಗೆ, ಡಿಆರ್‌ಎಂ ಎಂಬ ಭಾಗ ಒಳಗೆ, ಇದೇ ಜೋಡಿ.

ನೆಟ್‌ವರ್ಕ್‌ನಲ್ಲಿ ಇದೇ ಬಗೆಯದು 2018ರಲ್ಲಿ ಲಿನಕ್ಸ್ 4.18ಕ್ಕೆ ಬಂದ ಎಎಫ್-ಎಕ್ಸ್‌ಡಿಪಿ. ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಆರಿಸಿದ ಪ್ಯಾಕೆಟ್‌ಗಳು ಮಾತ್ರ ಹಂಚಿಕೊಂಡ ಮೆಮೊರಿ ಮೂಲಕ ಪ್ರೋಗ್ರಾಂಗೆ ಹೋಗುತ್ತವೆ. ಉಳಿದ ಟ್ರಾಫಿಕ್ ಎಂದಿನಂತೆ ಹರಿಯುತ್ತದೆ. ಡಿಪಿಡಿಕೆಯಷ್ಟು ವೇಗ ಎಲ್ಲ ಕೆಲಸದಲ್ಲೂ ಸಿಗುವುದಿಲ್ಲ, ಆದರೆ ಕಳೆದುಕೊಳ್ಳುವುದು ಬಹಳ ಕಡಿಮೆ. ಡಿಸ್ಕ್ ಮತ್ತು ಸಾಕೆಟ್‌ಗಳಿಗೆ 2019ರ ಲಿನಕ್ಸ್ 5.1ರ ಐಒ-ಯುರಿಂಗ್ ಇದೆ. ಕರ್ನಲ್ ಮತ್ತು ಪ್ರೋಗ್ರಾಂ ಎರಡು ರಿಂಗ್ ಹಂಚಿಕೊಂಡು, ಒಂದು ಸಿಸ್ಟಂ ಕಾಲ್‌ನಲ್ಲಿ ಹಲವಾರು ಕೋರಿಕೆ ಕಳಿಸುತ್ತವೆ. ಇದಕ್ಕಾಗಿ ಡ್ರೈವರ್ ಬರೆಯುವ ಅಗತ್ಯವೇ ಇಲ್ಲ. ಡ್ರೈವರ್ ನಿಧಾನ ಎಂದು ದೂರುವವರಲ್ಲಿ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಇದು.

ಯಾರಿಗೆ ಯಾವುದು

ಯುಎಸ್‌ಬಿ ಸಾಧನ, ಒಂದೇ ಪ್ರೋಗ್ರಾಂ ಬಳಸುತ್ತದೆ: ಯೂಸರ್ ಮೋಡ್. ಯೋಚಿಸುವುದೇ ಬೇಡ.

ಬೂಟ್ ಆಗುವ ಡಿಸ್ಕ್, ಎಲ್ಲರೂ ಹಂಚಿಕೊಳ್ಳುವ ನೆಟ್‌ವರ್ಕ್ ಕಾರ್ಡ್, ಕರ್ನಲ್‌ನ ಬೇರೆ ಭಾಗಗಳು ಕರೆಯುವ ಯಾವುದೇ ಸಾಧನ: ಕರ್ನಲ್. ಬ್ಯಾಟರಿ ಸಾಧನಕ್ಕೂ ಬಹುಪಾಲು ಇದೇ ಉತ್ತರ.

ಸ್ವಂತ ಪಿಸಿಐ ಬೋರ್ಡ್, ಸಣ್ಣ ತಂಡ: ವಿಎಫ್‌ಐಒದಿಂದ ಶುರು ಮಾಡಿ. ಹಾರ್ಡ್‌ವೇರ್ ವಿನ್ಯಾಸ ಇನ್ನೂ ನಿಮ್ಮ ಕೈಯಲ್ಲಿದ್ದರೆ ದೊಡ್ಡ ಬಫರ್ ಮತ್ತು ಎಂಎಸ್‌ಐ-ಎಕ್ಸ್ ಇಂಟರಪ್ಟ್ (ಗೆರೆಯ ಬದಲು ಸಂದೇಶವಾಗಿ ಬರುವಂಥದ್ದು) ಕೇಳಿ ಪಡೆಯಿರಿ. ಬೇರೆ ಸಾಧನದ ಜೊತೆ ಹಂಚಿಕೊಂಡ ಹಳೆಯ ಇಂಟರಪ್ಟ್ ಗೆರೆ ಯೂಸರ್ ಮೋಡ್ ಡ್ರೈವರ್‌ಗೆ ಬಹಳ ತೊಂದರೆ ಕೊಡುತ್ತದೆ.

ಸರ್ವರ್‌ನಲ್ಲಿ ಹಲವು ಕೆಲಸ, ಒಂದರಲ್ಲಿ ಮಾತ್ರ ವೇಗ ಸಾಲದು: ಇರುವ ಕರ್ನಲ್ ಡ್ರೈವರ್ ಬಿಡಬೇಡಿ, ಮೇಲೆ ಐಒ-ಯುರಿಂಗ್ ಅಥವಾ ಎಎಫ್-ಎಕ್ಸ್‌ಡಿಪಿ ಹಾಕಿ ನೋಡಿ. ಇಡೀ ಯಂತ್ರ ಪ್ಯಾಕೆಟ್ ಸಾಗಿಸಲೆಂದೇ ಇದ್ದರೆ ಡಿಪಿಡಿಕೆ.

ಸಮಯಕ್ಕೆ ಸರಿಯಾಗಿ ಸ್ಪಂದಿಸಬೇಕಾದ ನಿಯಂತ್ರಣ ಕೆಲಸ ಸ್ವಲ್ಪ ಕಷ್ಟದ್ದು. ರಿಯಲ್-ಟೈಮ್ ಬದಲಾವಣೆಗಳು 2024ರಲ್ಲಿ ಲಿನಕ್ಸ್ 6.12ರ ಹೊತ್ತಿಗೆ ಮುಖ್ಯ ಕರ್ನಲ್‌ಗೆ ಸೇರಿದ ಮೇಲೆ ಯೂಸರ್ ಮೋಡ್‌ಗೂ ಅವಕಾಶ ಹೆಚ್ಚಿದೆ. ಪ್ರತ್ಯೇಕ ಕೋರ್, ಫಿಫೋ ಶೆಡ್ಯೂಲಿಂಗ್ (ಸಾಮಾನ್ಯ ಪ್ರೋಗ್ರಾಂಗಳಿಗಿಂತ ಮೊದಲು ಸರದಿ ಸಿಗುವ ಬಗೆ), ಮೆಮೊರಿಯನ್ನು ಬೀಗ ಹಾಕಿಡುವುದು, ಇಷ್ಟು ಮಾಡಿ ಸೈಕ್ಲಿಕ್‌ಟೆಸ್ಟ್ ಎಂಬ ಸಾಧನದಿಂದ ಅತಿ ಹೆಚ್ಚಿನ ತಡ ಎಷ್ಟೆಂದು ಅಳೆಯಿರಿ. ಒಂದು ನಿಮಿಷ ಓಡಿಸಿ ನಿಲ್ಲಿಸಬೇಡಿ. ಪೂರ್ತಿ ಭಾರ ಹಾಕಿ, ರಾತ್ರಿಯಿಡೀ ಓಡಿಸಿ. ಆ ಗರಿಷ್ಠ ಅಂಕಿ ನಿಮ್ಮ ಸಾಧನದ ಬಫರ್ ತುಂಬುವ ಸಮಯಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಹೊರಗೇ ಇರಿ. ಇಲ್ಲವಾದರೆ ಬಫರ್ ಖಾಲಿ ಮಾಡಿ ಸಮಯದ ಗುರುತು ಹಾಕುವ ಕೆಲವೇ ನೂರು ಸಾಲುಗಳನ್ನು ಕರ್ನಲ್‌ಗೆ ಒಯ್ದು, ಉಳಿದ ಎಲ್ಲವನ್ನೂ ಪ್ರೋಗ್ರಾಂನಲ್ಲೇ ಬಿಡಿ.